ಓದುಗರ ಪ್ರಶ್ನೆ, ವಕೀಲರ ಉತ್ತರ: ಪೌರತ್ವದ ಅರ್ಜಿ ಯಾರ ಮೇಜಿನ ಮೇಲಿದೆ?

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಗಡಿಗುರುತಿನ ತಕರಾರು, ಪಾಲುಪಟ್ಟಿ, ವಾಪಸಾದ ಚೆಕ್ಕು ಇವುಗಳದೇ ದೊಡ್ಡ ಪಾಲು. ಕಳೆದ ತಿಂಗಳು ಪೌರತ್ವದ ಬಗೆಗಿನ ಒಂದು ಚಿಕ್ಕ ಪ್ರಶ್ನೆಗೆ ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೇ ನೆಪವಾಗಿ, ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಉಪ್ಪಳ, ನೀರ್ಚಾಲು, ಮುಳ್ಳೇರಿಯ ಕಡೆಗಳಿಂದ ಅದೇ ವಿಷಯದ ಪತ್ರಗಳು ಬಂದಿವೆ. ಬರೆದವರ ಸ್ಥಿತಿಗತಿ ಬೇರೆ ಬೇರೆ. ಒಬ್ಬರ ಅರ್ಜಿ ನಮ್ಮ ಸರಕಾರದ ಮುಂದಿದ್ದರೆ ಇನ್ನೊಬ್ಬರದು ಅಮೆರಿಕದ ಸರಕಾರದ ಮುಂದಿದೆ. ಆದರೆ ಅರ್ಜಿ ಕೊಟ್ಟು ವರ್ಷಗಳು ಕಳೆದರೂ ಕೊಡುತ್ತೇವೆ ಎಂದೂ ಹೇಳದೆ, ಕೊಡುವುದಿಲ್ಲ ಎಂದೂ ಹೇಳದೆ ಕಾಯಿಸುತ್ತಿದ್ದಾರೆ ಎಂಬ ಸಂಕಟ ಎಲ್ಲರದೂ ಆಗಿರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಕೇಳಿದವರ ಹೆಸರನ್ನೂ ಮನೆಯ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ದುಬೈಯಲ್ಲಿ ಕೆಲಸಕ್ಕಿದ್ದಾಗ ಶ್ರೀಲಂಕಾದವಳನ್ನು ಮದುವೆಯಾದೆ. 2012ರಲ್ಲಿ ಇಬ್ಬರೂ ಊರಿಗೆ ಬಂದು ನೆಲೆಸಿದೆವು. ಮಕ್ಕಳಿಬ್ಬರೂ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಹೆಂಡತಿಗೆ ಭಾರತದ ಪೌರತ್ವ ಸಿಗಲೆಂದು 2020ರಲ್ಲಿ ಅರ್ಜಿ ಹಾಕಿದೆವು. ವಿಲೇಜ್ ಆಫೀಸಿನವರು ಎರಡು ಸಲ, ಪೊಲೀಸರು ಎರಡು ಸಲ ಬಂದು ವಿಚಾರಿಸಿಕೊಂಡು ಹೋದರು. ಒಮ್ಮೆ ಕೊಟ್ಟ ಕಾಗದಗಳನ್ನೇ ಮತ್ತೆ ಕೇಳಿ ಪಡೆದರು. ವಿಚಾರಿಸಲು ಹೋದಾಗಲೆಲ್ಲ ‘ಮೇಲೆ ಹೋಗಿದೆ’ ಎಂಬುದಷ್ಟೇ ಉತ್ತರ. ಕಳೆದ ವರ್ಷ ನನ್ನ ಅತ್ತೆ ಕೊಲಂಬೊದಲ್ಲಿ ತೀರಿಕೊಂಡರು. ಈಗ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ ಎಂದು ಯಾರೋ ಹೆದರಿಸಿದ್ದರಿಂದ ಹೆಂಡತಿ ತಾಯಿಯ ಮುಖ ನೋಡಲೂ ಹೋಗಲಿಲ್ಲ. ಇನ್ನೆಷ್ಟು ಕಾಯಬೇಕು? ಅವಳಿಗೆ ತುಳು, ಕನ್ನಡ ಎರಡೂ ಚೆನ್ನಾಗಿ ಬರುತ್ತವೆ. ಅದನ್ನು ತೋರಿಸಿದರೆ ಪ್ರಯೋಜನವಾದೀತೇ?

ಉತ್ತರ: ಮೊದಲು ಕೊಲಂಬೊದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಅದನ್ನು ಓದಿ ಮನಸ್ಸಿಗೆ ಬೇಸರವಾಯಿತು. ನಿಮ್ಮ ಪತ್ನಿ ಹೋಗಿ ಬರಬಹುದಾಗಿತ್ತು. 1955ರ ಪೌರತ್ವ ಕಾಯ್ದೆಯ 5(1)(ಸಿ) ಕಲಮಿನಂತೆ, ಭಾರತೀಯರನ್ನು ಮದುವೆಯಾದ ವಿದೇಶೀಯರು ಅರ್ಜಿ ಹಾಕುವ ಮುಂಚೆ 7 ವರ್ಷ ಇಲ್ಲಿ ವಾಸವಾಗಿರಬೇಕು. ಆ ಏಳು ವರ್ಷದ ಲೆಕ್ಕವನ್ನೂ ಕಾಯ್ದೆಯೇ ಬಿಡಿಸಿ ಹೇಳಿದೆ: ಅರ್ಜಿಯ ಹಿಂದಿನ 12 ತಿಂಗಳು ಪೂರ್ತಿಯಾಗಿ, ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು ಸೇರಿಸಿ 6 ವರ್ಷ. ನೀವು 2012ರಲ್ಲಿ ಬಂದು 2020ರಲ್ಲಿ ಅರ್ಜಿ ಹಾಕಿದ್ದರಿಂದ ಆ ಲೆಕ್ಕ ಅರ್ಜಿಯ ದಿನವೇ ಮುಗಿದಿದೆ. ಹನ್ನೆರಡು ತಿಂಗಳ ಒಳಗೇ ಹೊರಗೆ ಹೋಗಬೇಕಾಗಿ ಬಂದವರಿಗೂ ವಿಶೇಷ ಕಾರಣವಿದ್ದರೆ ಒಟ್ಟು 30 ದಿನಗಳವರೆಗೆ ವಿನಾಯಿತಿ ಕೊಡುವ ಅಧಿಕಾರವನ್ನು 2015ರ ತಿದ್ದುಪಡಿ ಕೇಂದ್ರ ಸರಕಾರಕ್ಕೆ ನೀಡಿದೆ. ತಾಯಿಯ ಸಾವಿಗಿಂತ ದೊಡ್ಡ ವಿಶೇಷ ಕಾರಣ ಯಾವುದು? ಇನ್ನು ಮುಂದೆ ಇಂಥ ಸಂದರ್ಭ ಬಂದರೆ, ಮರಳಿ ಬರಲು ವೀಸಾದಲ್ಲಿ ಅವಕಾಶವಿದೆಯೇ ಎಂದು ನೋಡಿಕೊಂಡು, ವಿದೇಶೀಯರ ನೋಂದಣಿ ಅಧಿಕಾರಿಗೆ ಒಂದು ಕಾಗದ ಬರೆದುಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಂಡು ಧೈರ್ಯವಾಗಿ ಹೋಗಲಿ.

ಇನ್ನು ವಿಳಂಬದ ಮಾತು. ‘ಮೇಲೆ ಹೋಗಿದೆ’ ಎಂಬ ಉತ್ತರವನ್ನು ಕೇಳಿಕೊಂಡು ಮನೆಗೆ ಬಂದು ಕುಳಿತರೆ ಇನ್ನೈದು ವರ್ಷವೂ ಅದೇ ಉತ್ತರ ಸಿಗುತ್ತದೆ. ಕಡತ ಯಾವ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಎಂದು ಗೊತ್ತುಮಾಡಿಕೊಳ್ಳದೆ ಯಾವ ಹೋರಾಟವೂ ಸಾಧ್ಯವಿಲ್ಲ. ಅರ್ಜಿ ಆನ್‌ಲೈನಿನಲ್ಲಿ ತುಂಬಿದ ಬಳಿಕ ಕಾಗದಪತ್ರಗಳೊಡನೆ ಜಿಲ್ಲಾಧಿಕಾರಿಗಳಲ್ಲಿಗೆ ಹೋಗುತ್ತದೆ. ಅಲ್ಲಿಂದ ವಾಸದ ಬಗ್ಗೆ ಕಂದಾಯ ಇಲಾಖೆಯ ವರದಿ, ನಡತೆಯ ಬಗ್ಗೆ ಪೊಲೀಸರ ವರದಿ ತರಿಸಲಾಗುತ್ತದೆ. ಬಳಿಕ ತಿರುವನಂತಪುರದ ಗೃಹ ಇಲಾಖೆ, ಅಲ್ಲಿಂದ ರಾಜ್ಯದ ಶಿಫಾರಸಿನೊಡನೆ ದೆಹಲಿಯ ಗೃಹ ಸಚಿವಾಲಯ. ಅಲ್ಲಿ ಕೇಂದ್ರದ ಗುಪ್ತಚರ ವಿಭಾಗದ ಅಭಿಪ್ರಾಯ ಬರಬೇಕು. ಎಲ್ಲ ಸರಿಯಾದರೆ ಒಪ್ಪಿಗೆಯ ಪತ್ರ ಬರುತ್ತದೆ. ಆಗ ಹಳೆಯ ಪೌರತ್ವ ಬಿಟ್ಟ ದಾಖಲೆ ಕೊಟ್ಟು, ಪ್ರತಿಜ್ಞೆ ಸ್ವೀಕರಿಸಿದ ಮೇಲೆ ಪ್ರಮಾಣಪತ್ರ. ಈ ದಾರಿಯಲ್ಲಿ ಒಂದು ಕಡೆ ಒಂದು ಆಕ್ಷೇಪ ಬಂದರೂ ಕಡತ ಬಂದ ದಾರಿಯಲ್ಲೇ ಕೆಳಗಿಳಿಯುತ್ತದೆ, ಮತ್ತೆ ಹತ್ತಬೇಕಾಗುತ್ತದೆ. ನಿಮ್ಮ ಮನೆಗೆ ಎರಡೆರಡು ಸಲ ವಿಚಾರಣೆಗೆ ಬಂದದ್ದು ಬಹುಶಃ ಇದೇ ಕಾರಣಕ್ಕೆ.

ಆ ಆಕ್ಷೇಪ ಏನಿರಬಹುದು ಎಂಬ ಬಗ್ಗೆ ನಮ್ಮ ಜಿಲ್ಲೆಯ ಅನುಭವದಿಂದ ಒಂದು ಊಹೆ ಹೇಳುತ್ತೇನೆ. ಹಿಂದೊಮ್ಮೆ ಇಂಥದೇ ಪ್ರಕರಣದಲ್ಲಿ ಒಬ್ಬರು ಜವಳಿ ಅಂಗಡಿಯ ಚೀಲದಲ್ಲಿ ತುಂಬಿ ತಂದಿದ್ದ ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಮದುವೆಯ ಪ್ರಮಾಣಪತ್ರದಲ್ಲಿ ಊರು ‘ಬದಿಯಡ್ಕ’, ರೇಶನ್ ಕಾರ್ಡಿನಲ್ಲಿ ಮಲಯಾಳದ ‘ಬದಿಯಡುಕ್ಕ’, ವೀಸಾ ನೋಂದಣಿಯಲ್ಲಿ ಈ ಎರಡರ ನಡುವಿನ ಇನ್ನೊಂದು ಕಾಗುಣಿತ; ಮನೆಯ ಹೆಸರು ಒಂದರಲ್ಲಿ ಮೊದಲಿಗೆ, ಒಂದರಲ್ಲಿ ಕೊನೆಗೆ, ಇನ್ನೊಂದರಲ್ಲಿ ಬರೇ ಒಂದಕ್ಷರ. ಇಲ್ಲಿಯವರಾದ ನಮಗೆ ಕುಂಬಳೆಯೂ ‘ಕುಂಬಳ’ವೂ ಒಂದೇ ಎಂದು ಗೊತ್ತು, ದೆಹಲಿಯ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಅವು ಎರಡು ವಿಳಾಸಗಳು, ಎರಡು ವಿಳಾಸಗಳೆಂದರೆ ಎರಡು ವಿಚಾರಣೆಗಳು. ಆದ್ದರಿಂದ ನಿಮ್ಮಲ್ಲಿರುವ ಎಲ್ಲ ದಾಖಲೆಗಳನ್ನು ಒಂದು ದಿನ ಕುಳಿತು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ, ಇವೆಲ್ಲವೂ ಒಂದೇ ಸ್ಥಳ, ಒಬ್ಬರೇ ವ್ಯಕ್ತಿ ಎಂದು ವಿಲೇಜ್ ಆಫೀಸರಿಂದ ದೃಢಪತ್ರ ಪಡೆದು, ನೋಟರಿಯ ಮುಂದೆ ಮಾಡಿದ ಅಫಿಡವಿಟ್ಟಿನ ಜತೆ ಅರ್ಜಿ ಕೊಟ್ಟ ಕಚೇರಿಗೆ ಸಲ್ಲಿಸಿ.

ಕಡತದ ಜಾಡು ಹಿಡಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಇಲ್ಲಿ ಒಂದು ವಿಪರ್ಯಾಸವಿದೆ: ಆ ಕಾಯ್ದೆಯ 3ನೇ ಕಲಮು ಮಾಹಿತಿ ಕೇಳುವ ಹಕ್ಕನ್ನು ಕೊಟ್ಟಿರುವುದು ಪೌರರಿಗೆ ಮಾತ್ರ. ಪೌರತ್ವಕ್ಕಾಗಿ ಕಾಯುತ್ತಿರುವ ನಿಮ್ಮ ಪತ್ನಿ, ಪೌರತ್ವ ಇನ್ನೂ ಸಿಗದ ಕಾರಣಕ್ಕೇ, ತಮ್ಮ ಅರ್ಜಿ ಏನಾಯಿತೆಂದು ಆ ಕಾಯ್ದೆಯಡಿ ಕೇಳುವಂತಿಲ್ಲ. ನೀವು ಕೇಳಬಹುದು. ಬೇರೊಬ್ಬರ ಖಾಸಗಿ ಮಾಹಿತಿ ಎಂಬ ನೆಪದಲ್ಲಿ ತಿರಸ್ಕರಿಸದಂತೆ ಪತ್ನಿಯ ಸಹಿಯಿರುವ ಒಪ್ಪಿಗೆಯ ಕಾಗದವನ್ನು ಜತೆಗಿಟ್ಟು, 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ. ಹಾಕುವಾಗ ‘ಯಾಕೆ ತಡವಾಯಿತು’ ಎಂದು ಕೇಳಬೇಡಿ. ಕಚೇರಿಯ ದಾಖಲೆಯಲ್ಲಿ ಏನಿದೆಯೋ ಅದನ್ನು ಮಾತ್ರ ಕೊಡಬೇಕಾದ ಮಾಹಿತಿ ಅಧಿಕಾರಿ, ಕಾರಣ ವಿವರಿಸುವುದು ತನ್ನ ಕೆಲಸವಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅರ್ಜಿ ಯಾವ ದಿನಾಂಕದಂದು ಬಂತು, ಪೊಲೀಸ್ ವರದಿ ಯಾವ ದಿನಾಂಕದಂದು ತಲುಪಿತು, ಯಾವ ರವಾನೆ ಸಂಖ್ಯೆಯಲ್ಲಿ ಯಾವ ದಿನ ತಿರುವನಂತಪುರಕ್ಕೆ ಹೋಯಿತು, ಮರಳಿ ಬಂದಿದ್ದರೆ ಯಾವ ಆಕ್ಷೇಪದೊಡನೆ ಬಂತು ಎಂದು ಕೇಳಿ, ಟಿಪ್ಪಣಿ ಹಾಳೆಗಳ ಪ್ರತಿ ಬೇಡಿ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಇದೆ. ಕೇಂದ್ರದ ಗುಪ್ತಚರ ವಿಭಾಗ ಮಾತ್ರ ಈ ಕಾಯ್ದೆಯ ಹೊರಗಿದೆ, ಅಲ್ಲಿ ಕುಳಿತಿದ್ದರೆ ಈ ದಾರಿಯಲ್ಲಿ ತಿಳಿಯುವುದಿಲ್ಲ.

ದಿನಾಂಕಗಳು ಕೈಗೆ ಬಂದ ಬಳಿಕ, ಕಡತ ನಿಂತಿರುವ ಕಚೇರಿಗೇ ಒಂದು ಲಿಖಿತ ಮನವಿ ಕೊಡಿ. ಒಂದೆರಡು ತಿಂಗಳಲ್ಲಿ ಕದಲದಿದ್ದರೆ ಎರ್ನಾಕುಳಂನ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ, ಅಧಿಕಾರಿಗಳಿಗೆ ಆಜ್ಞೆ ಕೊಡಿ ಎಂದು ಕೋರುವ ರಿಟ್ ಅರ್ಜಿ ಹಾಕಬಹುದು. ಸಮಾನತೆ, ಜೀವ ಮತ್ತು ಸ್ವಾತಂತ್ರ್ಯದ ಬಗೆಗಿನ 14 ಹಾಗೂ 21ನೇ ವಿಧಿಗಳು ‘ಪೌರ’ ಎನ್ನದೆ ‘ವ್ಯಕ್ತಿ’ ಎಂದು ಹೇಳುವುದರಿಂದ ಇಲ್ಲಿ ನಿಮ್ಮ ಪತ್ನಿಯೇ ಅರ್ಜಿದಾರರಾಗಬಹುದು. ಒಂದು ವಿಷಯ ಮೊದಲೇ ತಿಳಿದಿರಲಿ. ಪೌರತ್ವ ಕೊಡಿ ಎಂದು ಆಜ್ಞಾಪಿಸಲು ನ್ಯಾಯಾಲಯ ಸಾಮಾನ್ಯವಾಗಿ ಹಿಂಜರಿಯುತ್ತದೆ, ಏಕೆಂದರೆ ಕೊಡುವುದೂ ಬಿಡುವುದೂ ಸರಕಾರದ ವಿವೇಚನೆಗೆ ಸೇರಿದ್ದು, ಕಾರಣ ಹೇಳುವ ಅಗತ್ಯವೂ ಇಲ್ಲ ಎಂದು ಕಾಯ್ದೆಯ 14ನೇ ಕಲಮು ಹೇಳುತ್ತದೆ. ಆದರೆ ಇಷ್ಟು ತಿಂಗಳೊಳಗೆ ಏನಾದರೊಂದು ತೀರ್ಮಾನಿಸಿ ಎಂದು ಹೇಳುವುದಕ್ಕೆ ನ್ಯಾಯಾಲಯಕ್ಕೆ ಯಾವ ಅಡ್ಡಿಯೂ ಇಲ್ಲ. ವಿವೇಚನೆ ಎಂದರೆ ಕಡತ ತೆರೆಯದಿರುವ ಅಧಿಕಾರ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

ಕಾಯುತ್ತಿರುವಾಗ ವೀಸಾದ ಅವಧಿ ಒಂದು ದಿನವೂ ತಪ್ಪಬಾರದು. ಅನುಮತಿಯ ಅವಧಿ ಮೀರಿ ಉಳಿದವರನ್ನು ಕಾಯ್ದೆ ‘ಅಕ್ರಮ ವಲಸಿಗ’ ಎಂದು ಕರೆಯುತ್ತದೆ, ಅಂಥವರಿಗೆ 5ನೇ ಕಲಮಿನ ಬಾಗಿಲು ಮುಚ್ಚುತ್ತದೆ. ಶ್ರೀಲಂಕಾದ ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಂಡು ಚೆನ್ನೈಯಲ್ಲಿರುವ ಅವರ ಉಪ ಹೈಕಮಿಷನ್ ಕಚೇರಿಯ ಮೂಲಕ ಮೊದಲೇ ನವೀಕರಿಸಿ. ಮದುವೆ ನೋಂದಣಿಯಾಗಿ ಎರಡು ವರ್ಷ ದಾಟಿರುವುದರಿಂದ ಸಾಗರೋತ್ತರ ಭಾರತೀಯ ಪೌರರೆಂಬ ಒಸಿಐ ಕಾರ್ಡಿಗೂ ಅರ್ಜಿ ಹಾಕಬಹುದು. ಅದು ಪೌರತ್ವವಲ್ಲ, ಮತದಾನವಿಲ್ಲ, ಆದರೆ ಪದೇ ಪದೇ ವೀಸಾ ನವೀಕರಿಸುವ ಗೋಳು ತಪ್ಪುತ್ತದೆ.

ಭಾಷೆಯ ಪ್ರಶ್ನೆ ಕೇಳಿದ್ದೀರಿ. ಮದುವೆಯ ಆಧಾರದ ನೋಂದಣಿಗೆ ಭಾಷೆಯ ಷರತ್ತು ಕಾಯ್ದೆಯಲ್ಲಿಲ್ಲ. 6ನೇ ಕಲಮಿನಡಿ ದೇಶೀಕರಣ, ಅಂದರೆ ದೀರ್ಘಕಾಲದ ವಾಸದ ಆಧಾರದಲ್ಲಿ ಪೌರತ್ವ, ಬಯಸುವವರಿಗೆ ಮಾತ್ರ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದಾದರೊಂದು ಭಾಷೆ ಸಾಕಷ್ಟು ಬರಬೇಕು. ಕನ್ನಡ ಅದರಲ್ಲಿದೆ, ತುಳು ಇಲ್ಲ. ನಮ್ಮೂರಿಗೆ ಬಂದ ಸೊಸೆ ಮೊದಲು ಕಲಿಯುವುದು ಅಂಗಳದ ತುಳುವನ್ನು, ಸರಕಾರದ ಲೆಕ್ಕಕ್ಕೆ ಬರುವುದು ಆಮೇಲೆ ಕಲಿತ ಕನ್ನಡ!

ಪ್ರಶ್ನೆ: ಇಂಥದೇ ಒಂದು ಅರ್ಜಿಯನ್ನು ‘ದೆಹಲಿಯಲ್ಲಿ ತಳ್ಳಿಸಿ’ ಮೂರು ತಿಂಗಳಲ್ಲಿ ಮುಗಿಸಿಕೊಡುವುದಾಗಿ ಒಬ್ಬ ಏಜೆಂಟರು 75,000 ರೂಪಾಯಿ ಕೇಳುತ್ತಿದ್ದಾರೆ. ಅರ್ಧ ಮುಂಗಡ, ಅರ್ಧ ಕೆಲಸವಾದ ಮೇಲೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಆ ಅರ್ಧ ಮುಂಗಡವೇ ಅವರ ಪೂರ್ತಿ ಸಂಪಾದನೆ. ಅರ್ಜಿ ತುಂಬಿಸಲು ನೆರವು ಬೇಕಿದ್ದರೆ ಸರಕಾರಿ ಆನ್‌ಲೈನ್ ಸೇವೆಗಳಿಗೆಂದೇ ಇರುವ ಹತ್ತಿರದ ಅಕ್ಷಯ ಕೇಂದ್ರ ಸಾಕು. ಇನ್ನೊಂದು ಅಪಾಯವನ್ನೂ ಹೇಳಬೇಕು: ಇಂಥವರು ಕಡತ ಬೇಗ ಸಾಗಲೆಂದು ಇಲ್ಲದ ವಾಸದ ದಾಖಲೆಗಳನ್ನು ಸೇರಿಸುವುದುಂಟು. ಸುಳ್ಳು ಹೇಳಿ ಅಥವಾ ಮುಖ್ಯ ಸಂಗತಿ ಮುಚ್ಚಿಟ್ಟು ಪಡೆದ ಪೌರತ್ವವನ್ನು ಕಾಯ್ದೆಯ 10ನೇ ಕಲಮಿನಡಿ ಕಿತ್ತುಕೊಳ್ಳಬಹುದು. ಆ ದಿನ ಏಜೆಂಟರ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಪ್ರಶ್ನೆ: ನನ್ನ ತಂದೆ ಹುಟ್ಟಿದ್ದು 1939ರಲ್ಲಿ, ಕುಂಬಳೆ ಹತ್ತಿರದ ಹಳ್ಳಿಯಲ್ಲಿ. ಇಲ್ಲಿಯ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಅವರ ಹೆಸರು ಇವತ್ತಿಗೂ ಇದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಸಂಬಂಧಿಕರೊಡನೆ ಕರಾಚಿಗೆ ಹೋಗಿ ಚಹಾದ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದರಂತೆ. ಊರಿಗೆ ಬರಲು ಬೇರೆ ದಾರಿ ಇಲ್ಲದೆ ಆ ದೇಶದ ಪಾಸ್‌ಪೋರ್ಟು ಮಾಡಿಸಿಕೊಂಡು ಬಂದರು. ಅಂದಿನಿಂದ ಸರಕಾರದ ಪುಸ್ತಕದಲ್ಲಿ ಅವರು ಪಾಕಿಸ್ತಾನದವರು. ದೀರ್ಘಾವಧಿ ವೀಸಾವನ್ನು ನವೀಕರಿಸುತ್ತಾ ಬಂದಿದ್ದೇವೆ. ಪೌರತ್ವಕ್ಕೆ ಅರ್ಜಿ ಕೊಟ್ಟು ಒಂಬತ್ತು ವರ್ಷ ಕಳೆಯಿತು. ನಡೆಯಲೂ ಆಗದ ಸ್ಥಿತಿಯಲ್ಲಿದ್ದಾರೆ. ಭಾರತೀಯನಾಗಿಯೇ ಕಣ್ಣು ಮುಚ್ಚಬೇಕು ಎಂಬುದೊಂದೇ ಅವರ ಆಸೆ. ಅವರು ಹುಟ್ಟಿನಿಂದ ಭಾರತೀಯರೇ ಆಗಿರುವಾಗ ಅರ್ಜಿ ಯಾಕೆ ಬೇಕು ಎಂದು ನನ್ನ ತಮ್ಮ ವಾದಿಸುತ್ತಾನೆ. ಅವನ ಮಾತು ಸರಿಯೇ?

ಉತ್ತರ: ನಿಮ್ಮ ತಮ್ಮನ ವಾದದಲ್ಲಿ ನ್ಯಾಯವಿದೆ, ಕಾನೂನಿನಲ್ಲಿ ಅದಕ್ಕೆ ಇರುವ ಜಾಗ ಮಾತ್ರ ಇಕ್ಕಟ್ಟಿನದು. ನಮ್ಮ ಕರಾವಳಿಯಿಂದ, ಅದರಲ್ಲೂ ಮಲಬಾರಿನಿಂದ ಕರಾಚಿಗೆ ದುಡಿಯಲು ಹೋಗುವುದು ಆ ಕಾಲದಲ್ಲಿ ಮುಂಬಯಿಗೆ ಹೋದಷ್ಟೇ ಸಹಜವಾಗಿತ್ತು. ದೇಶ ಒಡೆದ ಬಳಿಕವೂ ಹುಡುಗರು ಹಡಗು ಹತ್ತಿದರು. 1952ರಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟಿನ ಪದ್ಧತಿ ಬಂದಾಗ, ಮರಳಿ ಬರಲು ಯಾವ ಪುಸ್ತಕ ಕೈಗೆ ಸಿಕ್ಕಿತೋ ಅದನ್ನು ಹಿಡಿದು ಬಂದವರೇ ಹೆಚ್ಚು. ಆ ಪುಸ್ತಕವೇ ಅವರ ಕೊರಳಿಗೆ ಬಿತ್ತು. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ ಎನ್ನುತ್ತದೆ 9ನೇ ಕಲಮು. ಬೇರೆ ದೇಶದ ಪಾಸ್‌ಪೋರ್ಟು ಪಡೆದದ್ದೇ ಅದಕ್ಕೆ ಅಂತಿಮ ಸಾಕ್ಷಿ ಎಂದಿತು 1956ರ ನಿಯಮ. ಆ ನಿಯಮವನ್ನು ಸುಪ್ರೀಂ ಕೋರ್ಟು 1962ರಲ್ಲಿ ಎತ್ತಿಹಿಡಿಯಿತು. 1965ರಲ್ಲಿ ಅದೇ ನ್ಯಾಯಾಲಯ, ಪಾಸ್‌ಪೋರ್ಟನ್ನು ಒತ್ತಾಯಕ್ಕೆ ಸಿಕ್ಕಿ ಪಡೆದೆ ಎಂದು ಹೇಳುವವರಿಗೆ ಅದನ್ನು ತೋರಿಸಿಕೊಡುವ ಅವಕಾಶ ಕೊಟ್ಟು, ಕೇಂದ್ರ ಸರಕಾರ ವಿಚಾರಣೆ ನಡೆಸಿಯೇ ತೀರ್ಮಾನಿಸಬೇಕು ಎಂದಿತು. ತಮ್ಮ ಹೇಳುವ ದಾರಿ ಇದು.

ಆದರೆ ನಿಮ್ಮ ತಂದೆಯವರ ಪ್ರಾಯದಲ್ಲಿ ಈ ದಾರಿ ಹಿಡಿಯಲು ನಾನು ಸಲಹೆ ಕೊಡುವುದಿಲ್ಲ. ಅರವತ್ತು ವರ್ಷದ ಹಿಂದೆ ಕರಾಚಿಯಲ್ಲಿ ತಮ್ಮ ಮೇಲಿದ್ದ ಒತ್ತಾಯಕ್ಕೆ ಇಂದು ಸಾಕ್ಷಿ ಎಲ್ಲಿಂದ ತರುತ್ತಾರೆ? ಮೇಲಾಗಿ ಎರಡು ದೋಣಿಗಳಲ್ಲಿ ಕಾಲಿಡುವಂತಿಲ್ಲ: 5ನೇ ಕಲಮಿನ ಅರ್ಜಿ ಹಾಕುವುದೆಂದರೆ ಸದ್ಯ ನಾನು ಪೌರನಲ್ಲ ಎಂದು ಒಪ್ಪಿಕೊಂಡಂತೆ. ಈಗಾಗಲೇ ಹಾಕಿರುವ ಅರ್ಜಿ 5(1)(ಎ) ಅಡಿಯಲ್ಲಿದ್ದರೆ ಅದರಲ್ಲೇ ಮುಂದುವರಿಯಿರಿ. ಅವಿಭಜಿತ ಭಾರತದಲ್ಲಿ ತಾನಾಗಲಿ ತಂದೆತಾಯಿಯರಲ್ಲಿ ಒಬ್ಬರಾಗಲಿ ಹುಟ್ಟಿದ್ದರೆ ಅವರು ‘ಭಾರತೀಯ ಮೂಲದವರು’ ಎಂಬ ವ್ಯಾಖ್ಯೆ ಅಲ್ಲಿದೆ. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಯೊಂದರ ದಾಖಲಾತಿ ಪುಸ್ತಕದಲ್ಲಿರುವ ಆ ಒಂದು ಸಾಲು ಹುಟ್ಟಿದ ಊರನ್ನು ತೋರಿಸುವ ಬೆಲೆಬಾಳುವ ದಾಖಲೆ. ಮುಖ್ಯೋಪಾಧ್ಯಾಯರ ಸಹಿ, ಮೊಹರು ಇರುವ ಪ್ರತಿಯನ್ನು ಈಗಲೇ ತೆಗೆದಿಟ್ಟುಕೊಳ್ಳಿ, ಗೆದ್ದಲು ಯಾವ ಕಾಲಮಿತಿಗೂ ಕಾಯುವುದಿಲ್ಲ.

ವೀಸಾ ನವೀಕರಣದ ವಿಷಯದಲ್ಲಿ ನೀವು ಮಾಡಿರುವುದು ಅತ್ಯಂತ ಸರಿಯಾದ ಕೆಲಸ. 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಕೇಂದ್ರ ಸರಕಾರ ಪಾಕಿಸ್ತಾನದವರಿಗೆ ಕೊಟ್ಟಿದ್ದ ವೀಸಾಗಳನ್ನು ರದ್ದುಮಾಡಿದಾಗ ದೀರ್ಘಾವಧಿ ವೀಸಾ ಹೊಂದಿದ್ದವರನ್ನು ಅದರಿಂದ ಹೊರಗಿಟ್ಟಿತು. ಆ ದಿನಗಳಲ್ಲಿ ನವೀಕರಣದ ರಸೀದಿ ಕೈಯಲ್ಲಿದ್ದ ಮನೆಗಳಿಗೂ ಇಲ್ಲದ ಮನೆಗಳಿಗೂ ಎಷ್ಟು ಅಂತರವಿತ್ತೆಂದು ನೀವೇ ಕಂಡಿರುತ್ತೀರಿ.

ಮುಂದೆ ಒಂದು ತೊಡಕು ಬರಲಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಒಪ್ಪಿಗೆಯ ಪತ್ರ ಬಂದ ಮೇಲೆ ಪಾಕಿಸ್ತಾನದ ಪೌರತ್ವ ತ್ಯಜಿಸಿದ ಪ್ರಮಾಣಪತ್ರ ಕೇಳುತ್ತಾರೆ. ಪಾಸ್‌ಪೋರ್ಟು ಒಪ್ಪಿಸಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಕಣ್ಣೂರು ಜಿಲ್ಲೆಯ ಇಬ್ಬರು ಸೋದರಿಯರ ಪ್ರಕರಣದಲ್ಲಿ ಕೇರಳ ಹೈಕೋರ್ಟಿನ ವಿಭಾಗೀಯ ಪೀಠ 2025ರಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಹೇಳಿದೆ. ಆ ದೇಶದ ಕಾನೂನಿನಲ್ಲಿ 21 ವರ್ಷ ತುಂಬದವರಿಗೆ ಪೌರತ್ವ ಬಿಡುವ ಅವಕಾಶವಿಲ್ಲದ್ದರಿಂದ, ಪಾಸ್‌ಪೋರ್ಟು ಒಪ್ಪಿಸಿದ್ದರೂ ಅವರಿಗೆ ತ್ಯಾಗಪತ್ರ ಸಿಕ್ಕಿರಲಿಲ್ಲ. ಪಾಸ್‌ಪೋರ್ಟು ಒಪ್ಪಿಸುವುದು ಬೇರೆ, ಪೌರತ್ವ ತ್ಯಜಿಸುವುದು ಬೇರೆ ಎಂದು ಪೀಠ ತೀರ್ಪಿತ್ತು, ಏಕಸದಸ್ಯ ಪೀಠ ಅವರ ಪರವಾಗಿ ಕೊಟ್ಟಿದ್ದ ಆದೇಶವನ್ನು ತಳ್ಳಿಹಾಕಿತು. ನಿಮ್ಮ ತಂದೆಯವರಿಗೆ ವಯಸ್ಸಿನ ಆ ಅಡ್ಡಿ ಇಲ್ಲ. ಆದರೂ ಒಪ್ಪಿಗೆಯ ಪತ್ರ ಕೈಗೆ ಬರುವ ಮುಂಚೆ ಅವಸರಪಟ್ಟು ಹಳೆಯ ಪೌರತ್ವ ಬಿಡಬೇಡಿ, ಅದೂ ಇಲ್ಲ ಇದೂ ಇಲ್ಲ ಎಂಬ ಸ್ಥಿತಿಗೆ ಬಂದುಬಿಡುತ್ತಾರೆ. ಈಗ ಮಾಡಬೇಕಾದದ್ದು ಹೈಕೋರ್ಟಿನ ರಿಟ್ ಅರ್ಜಿ. ಒಂಬತ್ತು ವರ್ಷ ಕಾಯ್ದವರು ಇನ್ನೊಂದು ಮನವಿ ಕೊಟ್ಟು ನೋಡೋಣ ಎನ್ನುವ ಕಾಲ ಮೀರಿದೆ. ಅರ್ಜಿಯಲ್ಲಿ ತಂದೆಯವರ ಪ್ರಾಯ, ವೈದ್ಯರ ಪ್ರಮಾಣಪತ್ರ ಎರಡನ್ನೂ ಮುಂದಿಟ್ಟು ತುರ್ತು ವಿಚಾರಣೆ ಕೋರಿ. ಬಡತನವಿದ್ದರೆ, ಅಥವಾ ಮನೆಯ ಹೆಂಗಸರೇ ಓಡಾಡಬೇಕಾಗಿದ್ದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು.

ಪ್ರಶ್ನೆ: ನಮ್ಮ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಇದ್ದಾನೆ. ಗ್ರೀನ್ ಕಾರ್ಡು ಸಿಗಲಿಕ್ಕೇ ಬಹಳ ವರ್ಷ ಹಿಡಿಯಿತು. ಪೌರತ್ವಕ್ಕೆ ಅರ್ಜಿ ಹಾಕಿ, ಸಂದರ್ಶನವೂ ಆಗಿ, ಪರೀಕ್ಷೆಯಲ್ಲಿ ಪಾಸೂ ಆಗಿ ಎಂಟು ತಿಂಗಳಾಯಿತು. ‘ತೀರ್ಮಾನ ಆಮೇಲೆ ತಿಳಿಸುತ್ತೇವೆ’ ಎಂದವರು ಮತ್ತೆ ಮಾತಾಡಿಲ್ಲ. ಈ ನಡುವೆ ಅವನ ತಂದೆಗೆ ಹೃದಯದ ಆಪರೇಶನ್ ಆಯಿತು, ಹೊರಟರೆ ಏನಾಗುತ್ತದೋ ಎಂದು ಅವನು ಬರಲಿಲ್ಲ. ದಿನಾ ರಾತ್ರಿ ವೀಡಿಯೊ ಕಾಲಿನಲ್ಲಿ ತಂದೆಯ ಎದೆಯ ಹೊಲಿಗೆ ನೋಡಿ ಅಳುತ್ತಾನೆ. ಅಲ್ಲಿ ಏನಾದರೂ ದಾರಿ ಇದೆಯೇ? ಅವನು ಅಲ್ಲಿಯ ಪೌರನಾದರೆ ನಮ್ಮ ಅಡಿಕೆ ತೋಟದ ಗತಿ ಏನು?

ಉತ್ತರ: ಅಮ್ಮಾ, ನಾನು ಅಲ್ಲಿಯ ವಕೀಲನಲ್ಲ. ಆದರೂ ಆ ಕಾನೂನಿನ ಒಂದು ಕಲಮು ನಿಮ್ಮ ಮಗನ ಸ್ಥಿತಿಗೇ ಬರೆದಂತಿದೆ. ಸಂದರ್ಶನ ನಡೆದು 120 ದಿನಗಳೊಳಗೆ ತೀರ್ಮಾನವಾಗದಿದ್ದರೆ ಅರ್ಜಿದಾರರು ಅಲ್ಲಿಯ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು; ನ್ಯಾಯಾಲಯ ತಾನೇ ಅರ್ಜಿಯನ್ನು ತೀರ್ಮಾನಿಸಬಹುದು, ಇಲ್ಲವೇ ಸೂಚನೆಗಳೊಡನೆ ಇಲಾಖೆಗೆ ಮರಳಿಸಬಹುದು. ಎಂಟು ತಿಂಗಳೆಂದರೆ ಆ ಗಡುವು ದಾಟಿ ಎಷ್ಟೋ ದಿನವಾಯಿತು. ನಮ್ಮಲ್ಲಿ ಇಷ್ಟು ಸ್ಪಷ್ಟವಾದ ಗಡುವು, ಅದು ಮೀರಿದರೆ ಇಂಥ ಬಾಗಿಲು ಎಂಬ ಏರ್ಪಾಡು ಕಾಯ್ದೆಯಲ್ಲೇ ಇದ್ದಿದ್ದರೆ ಮೇಲಿನ ಎರಡು ಪತ್ರಗಳು ಬರುತ್ತಿರಲಿಲ್ಲವೇನೋ. ಅಲ್ಲಿಯೂ ಸಂದರ್ಶನಕ್ಕೇ ಕರೆಯದೆ ಕೂರಿಸಿದವರಿಗೆ ಈ ಸೌಲಭ್ಯವಿಲ್ಲ, ಅವರು ನಮ್ಮ ರಿಟ್‌ನಂಥ ಮೊಕದ್ದಮೆಯನ್ನೇ ಹೂಡಬೇಕು. ನ್ಯಾಯಾಲಯಕ್ಕೆ ಹೋಗುವ ಮುಂಚೆ ಮಗ ತನ್ನ ಪ್ರದೇಶದ ಸಂಸತ್ ಸದಸ್ಯರ ಕಚೇರಿಗೆ ಬರೆಯಲಿ. ಮತ ಹಾಕುವ ಹಕ್ಕಿಲ್ಲದ ನಿವಾಸಿಗಳ ಪರವಾಗಿಯೂ ಆ ಕಚೇರಿಗಳು ಇಲಾಖೆಯನ್ನು ವಿಚಾರಿಸುತ್ತವೆ.

ಬರುವ ವಿಷಯದಲ್ಲಿ ಅವನ ಭಯ ಹೆಚ್ಚಾಯಿತೆಂದೇ ನನಗೆ ಕಾಣುತ್ತದೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಒಂದೇ ಸಮನೆ ಹೊರಗಿದ್ದರೆ ಅಲ್ಲಿಯ ವಾಸ ಕಡಿಯಿತೇ ಎಂಬ ಪ್ರಶ್ನೆ ಏಳುತ್ತದೆ. ಮೂರು ನಾಲ್ಕು ವಾರಕ್ಕೆ ಬಂದುಹೋಗುವುದರಿಂದ ಅದೇನೂ ಆಗುವುದಿಲ್ಲ. ಇರುವ ತೊಂದರೆ ಎಂದರೆ, ಅದೇ ವಾರದಲ್ಲಿ ಪ್ರಮಾಣವಚನಕ್ಕೆ ಕರೆ ಬಂದರೆ ದಿನಾಂಕ ಬದಲಿಸಿಕೊಡಲು ಕೇಳಬೇಕಾಗುತ್ತದೆ. ಗ್ರೀನ್ ಕಾರ್ಡಿನ ಅವಧಿ ಮುಗಿದಿದ್ದರೂ ಪೌರತ್ವದ ಅರ್ಜಿಯ ರಸೀದಿ ಅದನ್ನು 24 ತಿಂಗಳು ವಿಸ್ತರಿಸುತ್ತದೆ ಎಂಬ ಸೌಲಭ್ಯ 2022ರ ಡಿಸೆಂಬರಿನಿಂದ ಜಾರಿಗೆ ಬಂದಿದೆ. ಹೊರಡುವ ಮುಂಚೆ ಅಲ್ಲಿಯ ವಕೀಲರಲ್ಲಿ ಒಮ್ಮೆ ಖಚಿತಪಡಿಸಿಕೊಂಡು ಬರಲಿ.

ತೋಟದ ಬಗ್ಗೆ ಹೇಳುವುದಾದರೆ, ಅಲ್ಲಿಯ ಪ್ರಮಾಣವಚನ ಸ್ವೀಕರಿಸಿದ ಗಳಿಗೆಯಿಂದ ಅವನು ಭಾರತದ ಪೌರನಲ್ಲ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಪ್ರಮಾಣಪತ್ರ ಪಡೆದು, ಬೇಕಿದ್ದರೆ ಒಸಿಐ ಕಾರ್ಡು ಮಾಡಿಸಿಕೊಳ್ಳಬೇಕು. ಒಸಿಐ ಇರುವವರು ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ದಾನಪತ್ರದ ಈ ನಿಷೇಧ ಭಾರತದ ಪೌರರಾಗಿಯೇ ಹೊರದೇಶದಲ್ಲಿ ನೆಲೆಸಿದವರಿಗೂ ಇರುವುದರಿಂದ, ಪ್ರಮಾಣವಚನಕ್ಕೆ ಮುಂಚೆ ಬರೆದುಕೊಟ್ಟುಬಿಡೋಣ ಎಂಬ ಯೋಚನೆ ಇದ್ದರೆ ಬಿಡಿ. ವಾರಸುದಾರನಾಗಿ ಪಡೆಯಲು ಅಡ್ಡಿಯಿಲ್ಲ. ಆದ್ದರಿಂದ ನೀವಿಬ್ಬರೂ ಉಯಿಲು ಬರೆದಿಡಿ.

ಪ್ರಶ್ನೆ: ಪೌರತ್ವದ ಅರ್ಜಿ ತಡವಾದ ಬಗ್ಗೆ ಮನವಿಯನ್ನು ಕನ್ನಡದಲ್ಲಿ ಬರೆದರೆ ಸ್ವೀಕರಿಸುತ್ತಾರೆಯೇ? ‘ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ತನ್ನಿ’ ಎಂದು ಒಂದು ಕಡೆ ಹಿಂದಕ್ಕೆ ಕಳುಹಿಸಿದರು.

ಉತ್ತರ: ಹಿಂದಕ್ಕೆ ಕಳುಹಿಸಿದ್ದು ತಪ್ಪು. ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಅದು ‘ಪ್ರತಿಯೊಬ್ಬ ವ್ಯಕ್ತಿ’ಗೂ ಇರುವ ಹಕ್ಕು, ಪೌರರಾಗಿರಬೇಕೆಂದಿಲ್ಲ. ರಾಜ್ಯದ ಕಚೇರಿಗಳ ಮಟ್ಟಿಗೆ, ಭಾಷಾ ಅಲ್ಪಸಂಖ್ಯಾತರಾದ ನಾವು ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೇ ಅವಕಾಶ ಕೊಟ್ಟಿದೆ. ಇಷ್ಟು ಹೇಳಿದ ಮೇಲೆ ಒಂದು ವ್ಯಾವಹಾರಿಕ ಮಾತು: ದೆಹಲಿಗೆ ಹೋಗುವ ಕಡತಕ್ಕೆ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿ. ಹಕ್ಕು ನಿಮ್ಮದೇ ಆದರೂ ಅನುವಾದಕರನ್ನು ಹುಡುಕುವ ನೆಪದಲ್ಲಿ ಇನ್ನಾರು ತಿಂಗಳು ಕಳೆಯುವುದು ನಿಮ್ಮ ಆಯುಷ್ಯದಿಂದಲೇ.

ಪ್ರಶ್ನೆ: ನಾನು 2003ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದೆ. ತಂದೆ ಮುಳ್ಳೇರಿಯದವರು, ತಾಯಿ ವಿದೇಶದವರು. ತಾಯಿಯ ಪೌರತ್ವದ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಅದು ಮುಗಿದ ಮೇಲೆ ನಾನೂ ಅರ್ಜಿ ಹಾಕಬೇಕು ಎಂದು ಎಲ್ಲರೂ ಹೇಳುತ್ತಿದ್ದಾರೆ. ಅಲ್ಲಿಯವರೆಗೆ ಪಾಸ್‌ಪೋರ್ಟ್ ಸಿಗುವುದಿಲ್ಲವೇ?

ಉತ್ತರ: ನೀವು ಅರ್ಜಿ ಹಾಕಬೇಕಾಗಿಯೇ ಇಲ್ಲ. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರ ತಂದೆತಾಯಿಯರಲ್ಲಿ ಒಬ್ಬರು ಆಗ ಭಾರತೀಯರಾಗಿದ್ದರೆ ಸಾಕು, ಮಗು ಹುಟ್ಟಿನಿಂದಲೇ ಭಾರತದ ಪೌರ. ನಿಮ್ಮ ಜನನ ಪ್ರಮಾಣಪತ್ರ, ತಂದೆಯವರು ಭಾರತೀಯರೆಂಬ ದಾಖಲೆ, ಅವರ ಮದುವೆಯ ಪ್ರಮಾಣಪತ್ರ ಇಷ್ಟನ್ನು ಇಟ್ಟು ಪಾಸ್‌ಪೋರ್ಟಿಗೆ ಅರ್ಜಿ ಸಲ್ಲಿಸಿ. ತಾಯಿಯ ರಾಷ್ಟ್ರೀಯತೆ ಕೇಳುವ ಕಡೆ ಇದ್ದದ್ದನ್ನು ಇದ್ದ ಹಾಗೆಯೇ ಬರೆಯಿರಿ. ತಡೆದರೆ, ಯಾವ ಕಲಮಿನಡಿ ತಡೆಯುತ್ತಿದ್ದೀರಿ ಎಂದು ಬರಹದಲ್ಲಿ ಕೇಳಿ, ಆ ಉತ್ತರವನ್ನು ನನಗೆ ಕಳುಹಿಸಿ.